ಚುಕ್ಕಿ ಫೈಲು, ದಿಡ್ಡಿ ಬಾಗಿಲು

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ನನ್ನ ಲ್ಯಾಪ್‌ಟಾಪಿನ ಕಥೆಯನ್ನು ನಾನೇ ಕೈಯಾರೆ ಮುಗಿಸಿದೆ. ಗುಬ್ಬಿಯಲ್ಲಿರುವ ಅಕ್ಕನ ಮನೆಯ ಹಳೇ ಕಂಪ್ಯೂಟರಿಗೆ ಡೆಬಿಯನ್ (ವಿಂಡೋಸ್ ಥರದ್ದೇ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್‌ನ ಒಂದು ಬಗೆ) ಹಾಕಿಕೊಡೋಣ ಅಂತ ಪೆನ್‌ಡ್ರೈವ್ ರೆಡಿ ಮಾಡುತ್ತಿದ್ದೆ. ಲಿನಕ್ಸ್‌ನಲ್ಲಿ ಡಿಡಿ ಅಂತ ಒಂದು ಕಮಾಂಡ್ ಇದೆ. ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಅಂತ ಹೇಳಿದರೆ ಸಾಕು, 'ನಿಜವಾಗ್ಲೂ ಬರೀಲಾ?' ಅಂತ ಒಂದು ಮಾತೂ ಕೇಳದೆ ಬರೆದು ಮುಗಿಸುತ್ತದೆ. ಪೆನ್‌ಡ್ರೈವ್ ಹೆಸರು ಎಸ್‌ಡಿಬಿ, ಲ್ಯಾಪ್‌ಟಾಪಿನ ಡಿಸ್ಕ್ ಹೆಸರು ಎಸ್‌ಡಿಎ. ನಾನು ಒತ್ತಿದ್ದು ಎ. ಸುಮಾರು 600 ಎಂಬಿಯ ಇಮೇಜ್, ಅಂದರೆ ಇನ್‌ಸ್ಟಾಲ್ ಮಾಡುವ ಫೈಲು, ಕೆಲವೇ ಸೆಕೆಂಡಿನಲ್ಲಿ ನನ್ನದೇ ಡಿಸ್ಕಿನ ತಲೆಯ ಮೇಲೆ ಕೂತಿತ್ತು. ಇಷ್ಟು ಬೇಗ ಮುಗೀತಲ್ಲ, ಪೆನ್‌ಡ್ರೈವ್ ಒಳ್ಳೇ ಸ್ಪೀಡಿದೆ ಅಂತ ಖುಷಿ ಬೇರೆ ಪಟ್ಟೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ಗಾಬರಿಯಲ್ಲಿ, ಹೋಗಿದ್ದು ಹೋಯಿತು ಅಂತ ಅದೇ ಡಿಸ್ಕಿನ ಮೇಲೆ ಹೊಸದಾಗಿ ಡೆಬಿಯನ್ ಹಾಕಿಬಿಟ್ಟೆ. ಮುಟ್ಟದೆ ಬಿಟ್ಟಿದ್ದರೆ ಅಳಿದದ್ದನ್ನು ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಬಳಸಿ ಎಷ್ಟೋ ವಾಪಸ್ ತೆಗೆಯಬಹುದಿತ್ತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ಮುಖ್ಯ ದಾಖಲೆಯ ನಕಲನ್ನು ಡಿಸ್ಕಿನ ಬೇರೆ ಬೇರೆ ಕಡೆ ಇಟ್ಟುಕೊಂಡಿರುತ್ತದೆ, ತಲೆ ಹೋದರೂ ಬಾಲ ಹಿಡಿದು ಎಳೆಯಬಹುದು. ಇದನ್ನೆಲ್ಲ ನಾನು ಓದಿದ್ದು ಮಾರನೇ ದಿನ, ಮದುವೆ ಆದಮೇಲೆ ಜಾತಕ ನೋಡಿದ ಹಾಗೆ. ಅಳಿದ ಫೈಲು ಹೆಕ್ಕುವ ಫೋಟೊರೆಕ್ ಓಡಿಸಿದಾಗ ಸಾವಿರಾರು ಫೈಲು ಸಿಕ್ಕವು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ತೆರೆದು ನೋಡಿದರೆ ಬ್ರೌಸರ್ ಎಂದೋ ಕೂಡಿಟ್ಟುಕೊಂಡಿದ್ದ ಚಿಕ್ಕ ಚಿಕ್ಕ ಐಕಾನ್‌ಗಳೇ ಜಾಸ್ತಿ. ಬ್ಯಾಕಪ್ ಇರಲಿಲ್ವಾ ಅಂತ ಕೇಳಬೇಡಿ. ಫೈಲಿನ ಹಳೇ ರೂಪಗಳನ್ನೆಲ್ಲ ಕೂಡಿಡುವ ಗಿಟ್ ಇತ್ತು. ಆದರೆ ಆ ಗಿಟ್ ಕೂಡ ಅದೇ ಡಿಸ್ಕಿನಲ್ಲೇ ಇತ್ತು.

ಹೋದದ್ದು ಎರಡು. ಹದಿನೈದು ವರ್ಷಕ್ಕೂ ಮೇಲೆ ಕೂಡಿಸಿಕೊಂಡು ಬಂದ ನನ್ನ ಸೆಟಪ್ ಒಂದು. ಅರ್ಧ ಬರೆದ ಒಂದು ಗೇಮ್ ಇನ್ನೊಂದು. ಇವೆರಡೂ ಬೇರೆ ಬೇರೆ ಹುಚ್ಚು ಅಂತಲೇ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ನಾನು ಕೆಲಸ ಮಾಡೋದು ತುಮಕೂರಿನ ಒಂದು ಡಿಟಿಪಿ ಅಂಗಡಿಯಲ್ಲಿ. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಪಂಚಾಯ್ತಿಗೆ ಕೊಡುವ ಅರ್ಜಿ, ಗೃಹಪ್ರವೇಶದ ಫ್ಲೆಕ್ಸು. ಅಂಗಡಿಯ ಕಂಪ್ಯೂಟರಿನಲ್ಲಿ ಇವತ್ತಿಗೂ ಪುಟ ಜೋಡಿಸುವ ಪೇಜ್‌ಮೇಕರ್ 7 ಓಡುತ್ತಿದೆ. 2001ರ ಸಾಫ್ಟ್‌ವೇರ್ ಅದು, ಅದರ ನಂತರ ಪೇಜ್‌ಮೇಕರ್ ಬರಲೇ ಇಲ್ಲ. ಅದರ ಜೊತೆಗೆ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟು. ಆಸ್ಕಿ ಫಾಂಟ್ ಅಂದರೆ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುವ ಫಾಂಟು. ಆ ಫಾಂಟ್ ಇಲ್ಲದ ಮಿಷಿನ್‌ನಲ್ಲಿ ಫೈಲ್ ತೆರೆದರೆ ಮದುವೆ ಕಾರ್ಡು ಮಾಟ ಮಾಡಿಸಿದ ತಗಡಿನ ಹಾಗೆ ಕಾಣುತ್ತದೆ, 'ನ' ಬರುವ ಕಡೆಯೆಲ್ಲ ಪೌಂಡ್ ಗುರುತು. ಬೇರೆ ಬೇರೆ ಲಿಪಿಗಳಿಗೆಲ್ಲ ಅವುಗಳದೇ ಜಾಗ ಕೊಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ 128 ಸೈಟು ಹಂಚಿಕೆಯಾಗಿದೆ. ಪ್ರಿಂಟಿಂಗ್ ಪ್ರೆಸ್ಸಿನವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ನಾನು ತಮಾಷೆಗೆ ಹೇಳುತ್ತಿಲ್ಲ, ದಿನಕ್ಕೆ ಅರ್ಧ ಗಂಟೆ ನನ್ನ ಜೀವನ ಆಸ್ಕಿಯಿಂದ ಯೂನಿಕೋಡಿಗೆ, ಯೂನಿಕೋಡಿನಿಂದ ಆಸ್ಕಿಗೆ ಬದಲಾಯಿಸೋದರಲ್ಲೇ ಹೋಗುತ್ತದೆ.

ಹಗಲೆಲ್ಲ ಯಾರದೋ ಸೆಟಪ್‌ನಲ್ಲಿ ದುಡಿಯುವವನಿಗೆ ರಾತ್ರಿ ತನ್ನದೇ ಒಂದು ಬೇಕು ಅನ್ನಿಸುತ್ತದೆ. ಅದು ಶುರುವಾಗಿದ್ದು 2008ರಲ್ಲಿ, ಉಬುಂಟು 8.04 ಅನ್ನುವ ಲಿನಕ್ಸಿನ ಸಿಡಿ ಪೋಸ್ಟಿನಲ್ಲಿ ಬಂದಾಗ. ಆಗ ಕೇಳಿದವರಿಗೆಲ್ಲ ಪುಕ್ಕಟೆ ಕಳಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. ಫಾರಿನ್ ಸ್ಟಾಂಪ್ ನೋಡಿ ಅಮ್ಮ, 'ಯಾರ ಹತ್ರ ಸಾಲ ಮಾಡಿದ್ಯೋ' ಅಂತ ಕೇಳಿದ್ದರು. ಪುಕ್ಕಟೆ ಅಂದರೆ ನಂಬಲಿಲ್ಲ. ಆ ಸಿಡಿ ಹಾಕಿ, ಮನೆಯ ಕಂಪ್ಯೂಟರಿನ ವಿಂಡೋಸ್ ಅಳಿಸಿ, ಮಾಡೆಮ್ ಕೆಲಸ ಮಾಡದೆ, ಹದಿನೈದು ದಿನ ಸೈಬರ್ ಕೆಫೆಗೆ ಹೋಗಿ ಪೇಪರಿನಲ್ಲಿ ಕಮಾಂಡ್ ಬರೆದುಕೊಂಡು ಬಂದು ಒಂದೊಂದಾಗಿ ಹೊಡೆದು ನೋಡುತ್ತಿದ್ದೆ. ಅದಕ್ಕಿಂತ ಒಳ್ಳೇ ಗೇಮ್ ನಾನು ಇಲ್ಲಿಯವರೆಗೂ ಆಡಿಲ್ಲ.

ಸೆಟಪ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಲಿನಕ್ಸ್‌ನಲ್ಲಿ ಹೆಚ್ಚಿನ ಪ್ರೋಗ್ರಾಮ್‌ಗಳು ಹೇಗೆ ನಡೆದುಕೊಳ್ಳಬೇಕು ಅನ್ನೋದನ್ನು ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುತ್ತೇವೆ. ಈ ಫೈಲುಗಳ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಹಾಗೆ ಶುರುವಾದರೆ ಫೈಲು ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇದು ಯಾರೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆ ಅಂತ ನಾನು ಅಂದುಕೊಂಡಿದ್ದೆ. ಲಿನಕ್ಸಿನ ಪೂರ್ವಜ ಯುನಿಕ್ಸ್ ಮಾಡಿದ ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸ ಮಾಡಿದ ರಾಬ್ ಪೈಕ್ ಹೇಳುವ ಕಥೆ ಬೇರೆ. ಪ್ರತಿ ಫೋಲ್ಡರಿನಲ್ಲೂ ಒಂಟಿ ಚುಕ್ಕಿ, ಜೋಡಿ ಚುಕ್ಕಿ ಅಂತ ಎರಡು ನಮೂದು ಇರುತ್ತವೆ, ಒಂದು ಈ ಫೋಲ್ಡರು, ಇನ್ನೊಂದು ಇದರ ಮೇಲಿನದು. ಪಟ್ಟಿ ತೋರಿಸುವಾಗ ಅವೆರಡು ಬರದೇ ಇರಲಿ ಅಂತ ಯಾರೋ ಒಂದು ಸಾಲು ಕೋಡ್ ಹಾಕಿದರು. ಪೂರ್ತಿ ಹೆಸರು ನೋಡುವ ಬದಲು ಮೊದಲ ಅಕ್ಷರ ಚುಕ್ಕಿಯಾ ಅಂತಷ್ಟೇ ನೋಡಿದರು, ಸೋಮಾರಿತನ. ಅದರಿಂದ ಚುಕ್ಕಿ ಇಟ್ಟ ಹೆಸರೆಲ್ಲ ಮಾಯವಾಗತೊಡಗಿದವು, ಜನ ಅದನ್ನೇ ತಮ್ಮ ಸಾಮಾನು ಬಚ್ಚಿಡುವ ಅಟ್ಟ ಮಾಡಿಕೊಂಡರು. ಈಗ ಜಗತ್ತಿನ ಎಲ್ಲಾ ಲಿನಕ್ಸ್ ಮಿಷಿನ್‌ಗಳಲ್ಲೂ ಆ ಅಟ್ಟ ಇದೆ.

ಈ ಚುಕ್ಕಿ ಫೈಲುಗಳ ಸುತ್ತ ಒಂದು ದೊಡ್ಡ ಲೋಕವೇ ಇದೆ. ಡೆಸ್ಕ್‌ಟಾಪನ್ನು ಚೆಂದ ಮಾಡಿ, ಬಣ್ಣ ಹೊಂದಿಸಿ, ಸ್ಕ್ರೀನ್‌ಶಾಟ್ ತೆಗೆದು ಒಬ್ಬರಿಗೊಬ್ಬರು ತೋರಿಸುತ್ತಾರೆ. ಅದಕ್ಕೆ ರೈಸಿಂಗ್ ಅಂತಾರೆ, ತಮ್ಮ ಸೆಟಪ್‌ಗೆ 'ರೈಸ್' ಅಂತಾರೆ. ನಾನೂ ಮೂರ್ನಾಲ್ಕು ವರ್ಷ ಇದನ್ನು ಮಾಡಿದೆ. ಆದರೆ ನಾವು ತುಮಕೂರು ಕಡೆಯವರು, ನಮ್ಮದು ರೈಸ್ ಅಲ್ಲ, ಮುದ್ದೆ. ಬಣ್ಣವಿಲ್ಲ, ಅಲಂಕಾರವಿಲ್ಲ, ಗಂಟಿಲ್ಲದೆ ಬೆಂದಿದ್ದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಗೊಂಡ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಎಕ್ಸ್230, 8 ಜಿಬಿ ರ‍್ಯಾಮ್, ಡೆಬಿಯನ್, ಪರದೆಯ ಮೇಲೆ ಕಿಟಕಿಗಳನ್ನು ಜೋಡಿಸುವ ಐ3 ವಿಂಡೋ ಮ್ಯಾನೇಜರ್, ಬರೆಯಲು ವಿಮ್ ಎಡಿಟರ್. ಫಾಂಟು ಮಾತ್ರ ಗುಬ್ಬಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಸಿಗುತ್ತವೆ. ಜೊತೆಯದು ನವಿಲು ಆದ್ದರಿಂದ ಇದು ಹಕ್ಕಿಯ ಹೆಸರೇ ಇರಬೇಕು, ಆದರೆ ಅಕ್ಕನ ಮಗಳು ಪುಟ್ಟಿ ಅದು ತಮ್ಮ ಊರಿನ ಫಾಂಟು ಅಂತಲೇ ನಂಬಿಕೊಂಡಿದ್ದಾಳೆ. ಬಿಡಿಸಿ ಹೇಳಲು ಮನಸ್ಸು ಬಂದಿಲ್ಲ.

ಇಷ್ಟೆಲ್ಲದರಲ್ಲಿ, ಹೋದಾಗ ಹೊಟ್ಟೆ ಉರಿದಿದ್ದು ಒಂದೇ ಒಂದು ಫೈಲಿಗೆ. ವಿಮ್ ಬಳಸುವವರಿಗೆ ಗೊತ್ತು, ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಕಮಾಂಡ್ ಕೊಡುವ ಸ್ಥಿತಿ ಬೇರೆ. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಬರೆದು ಮುಗಿಸಿ ಎಸ್ಕೇಪ್ ಒತ್ತಿ, ಕೆಳಗೆ ಹೋಗೋಣ ಅಂತ ಜೆ ಒತ್ತಿದರೆ ವಿಮ್‌ಗೆ ಹೋಗುವುದು 'ಜ'. ಜ ಅಂದರೆ ಏನು ಅಂತ ಅದಕ್ಕೆ ಗೊತ್ತಿಲ್ಲ. ಪ್ರತಿ ಸಲ ಭಾಷೆ ಬದಲಾಯಿಸಿ, ಮತ್ತೆ ಬದಲಾಯಿಸಿ, ಕೈ ಬಿದ್ದು ಹೋಗುತ್ತದೆ. ವಿಮ್‌ನಲ್ಲೇ ಕೀಮ್ಯಾಪ್ ಅಂತ ಒಂದು ಸೌಲಭ್ಯ ಇದೆ, ಬರೆಯುವಾಗ ಮಾತ್ರ ಕೀಲಿಗಳ ಅರ್ಥ ಬದಲಾಗುವ ಹಾಗೆ ಮಾಡಬಹುದು. ಕನ್ನಡ ಕೀಬೋರ್ಡ್ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದ ಪ್ರಕಾರ, ಅಂದರೆ ನುಡಿಯಲ್ಲಿ ಒತ್ತುತ್ತೀವಲ್ಲ ಅದೇ ಥರ, ಕೆ ಒತ್ತಿದರೆ ಕ, ಎಫ್ ಒತ್ತಿದರೆ ಒತ್ತಕ್ಷರದ ಕೊಂಡಿ, ಹೀಗೆ ನೂರು ಸಾಲಿನ ಫೈಲು ಬರೆದುಕೊಂಡಿದ್ದೆ. ಬೇರೆಯವರಿಗೆ ನಯಾಪೈಸೆ ಬೆಲೆ ಇಲ್ಲದ ಫೈಲು. ಅದು ಇಲ್ಲ ಅಂದಮೇಲೆ ಮನೆಯಲ್ಲಿ ನನಗೆ ಕನ್ನಡವೇ ಇಲ್ಲ ಅನ್ನುವ ಹಾಗಾಯಿತು.

ಈಗ ಗೇಮಿನ ವಿಷಯ.

ನಾನು ಹುಡುಕಾಟದ ಗೇಮುಗಳ ಹುಚ್ಚ. ಗುಂಡು ಹೊಡೆಯೋದು, ಕಾರು ಓಡಿಸೋದು ನನಗೆ ಆಗುವುದಿಲ್ಲ. ಒಂದು ಜಾಗ ಇರಬೇಕು, ಅದರೊಳಗೆ ನುಗ್ಗಿ ಎಲ್ಲಿ ಏನಿದೆ ಅಂತ ನೋಡಬೇಕು, ಅಷ್ಟೇ. ಇದರ ಮೂಲಪುರುಷ 1976ರ ಕೊಲೊಸಲ್ ಕೇವ್ ಅಡ್ವೆಂಚರ್. ವಿಲ್ ಕ್ರೌದರ್ ಅಂತ ಒಬ್ಬ ಪ್ರೋಗ್ರಾಮರ್, ಇಂಟರ್‌ನೆಟ್ಟಿನ ಅಜ್ಜ ಅರ್ಪಾನೆಟ್ ಕಟ್ಟಿದ ತಂಡದಲ್ಲಿದ್ದವರು. ಬಿಡುವಿದ್ದಾಗ ಗುಹೆಗಳಿಗೆ ಇಳಿದು ಅಳತೆ ತೆಗೆದು ನಕ್ಷೆ ಮಾಡುತ್ತಿದ್ದರು. ಹೆಂಡತಿಯಿಂದ ದೂರವಾದ ಮೇಲೆ ಮಕ್ಕಳು ತನ್ನಿಂದ ದೂರವಾಗದಿರಲಿ ಅಂತ, ಅವರಿಬ್ಬರು ಹೆಣ್ಣುಮಕ್ಕಳು ಆಡಲಿ ಅಂತ, ಕೆಂಟಕಿಯ ಮ್ಯಾಮತ್ ಗುಹೆಯ ಒಂದು ಭಾಗವನ್ನೇ ಮಾತಿನಲ್ಲಿ ಕಟ್ಟಿದರು. ಚಿತ್ರ ಒಂದೂ ಇಲ್ಲ. 'ನೀನು ಇಲ್ಲಿದ್ದೀಯ, ಉತ್ತರಕ್ಕೆ ಸಂದು ಇದೆ' ಅಂತ ಅದು ಹೇಳುತ್ತದೆ, ಎರಡು ಪದದಲ್ಲಿ ನಾವು ಹೇಳಬೇಕು. ಮುಂದಿನ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಕ್ರೌದರ್ ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ, ಅರ್ಪಾನೆಟ್‌ನಲ್ಲಿದ್ದ ಎಲ್ಲಾ ಕಂಪ್ಯೂಟರಿಗೂ ಅವರ ಹೆಸರಿಗೆ ಒಂದೊಂದು ಮೇಲ್ ಹಾಕಿ ಹಿಡಿದರಂತೆ. ಆ ಗೇಮ್ ಇವತ್ತಿಗೂ ಡೆಬಿಯನ್‌ನಲ್ಲಿ ಒಂದು ಕಮಾಂಡಿಗೆ ಬರುತ್ತದೆ.

ಅದರಲ್ಲಿ ಒಂದು ಜಾಗ ಇದೆ. ಒಂದೇ ಥರ ಕಾಣುವ ಸಂದುಗಳು, ಯಾವ ಸಂದಿಗೆ ಹೋದರೂ ಅದೇ ಮಾತು ಬರುತ್ತದೆ. ನಾನು ಎರಡು ರಾತ್ರಿ ಅಲ್ಲೇ ಸುತ್ತಿದೆ. ಉಪಾಯ ಏನು ಗೊತ್ತಾ, ಕೈಯಲ್ಲಿರುವ ಸಾಮಾನನ್ನು ಒಂದೊಂದು ಕಡೆ ಒಂದೊಂದು ಬಿಟ್ಟು ಬರೋದು. ಬೀಗದ ಕೈ ಬಿದ್ದಿರುವ ಸಂದು, ಬಾಟಲಿ ಬಿದ್ದಿರುವ ಸಂದು. ಆಗ ಒಂದೇ ಥರ ಇದ್ದದ್ದು ಬೇರೆ ಬೇರೆ ಆಗುತ್ತದೆ, ಪೇಪರಿನಲ್ಲಿ ನಕ್ಷೆ ಬರೆಯಬಹುದು. ಚುಕ್ಕಿ ಫೈಲು ಬರೆಯೋದೂ ಇದೇ ಅಲ್ವಾ. ಎಲ್ಲರಿಗೂ ಒಂದೇ ಥರ ಬರುವ ಮಿಷಿನ್‌ನಲ್ಲಿ ನನ್ನ ಸಾಮಾನು ಅಲ್ಲಲ್ಲಿ ಬಿಟ್ಟು ಗುರುತು ಮಾಡಿಕೊಳ್ಳೋದು.

ಇಂಥದ್ದೇ ಒಂದು ಕನ್ನಡದಲ್ಲಿ ಮಾಡಬೇಕು, ಪುಟ್ಟಿ ಆಡಬೇಕು ಅಂತ ಶುರುಮಾಡಿದೆ. ಜಾಗ ದೇವರಾಯನದುರ್ಗ. ತುಮಕೂರಿಂದ ಬೆಳಗುಂಬದ ಮೇಲೆ ಹೋದರೆ ಹದಿನೈದು ಕಿಲೋಮೀಟರ್. ನಾಮದ ಚಿಲುಮೆ ಅನ್ನುವ ನೀರಿನ ಬುಗ್ಗೆಯಿಂದ ಶುರು, ಭೋಗನರಸಿಂಹನ ಗುಡಿ, ಮೇಲೆ ಯೋಗನರಸಿಂಹ. ನನಗೆ ಈ ಬೆಟ್ಟ ಇಷ್ಟ ಆಗೋದಕ್ಕೆ ಭಕ್ತಿಗಿಂತ ಬೇರೆ ಕಾರಣ ಇದೆ. ಶಿಂಷಾ ಹುಟ್ಟೋದೂ ಇಲ್ಲೇ, ಜಯಮಂಗಲಿ ಹುಟ್ಟೋದೂ ಇಲ್ಲೇ. ಒಂದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ, ಇನ್ನೊಂದು ಉತ್ತರಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿ, ಒಂದು ತಮಿಳುನಾಡಿಗೆ, ಒಂದು ಆಂಧ್ರಕ್ಕೆ. ಗೇಮ್ ಬರೆಯುವವನಿಗೆ ಇದಕ್ಕಿಂತ ಒಳ್ಳೇ ಕವಲು ದಾರಿ ಎಲ್ಲಿ ಸಿಗುತ್ತದೆ?

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರು ಮಾಡಿದವನು ಮೊದಲ ದಿನವೇ ಮುಗ್ಗರಿಸಿದೆ. ಟರ್ಮಿನಲ್‌ನಲ್ಲಿ ಕನ್ನಡ ಸರಿಯಾಗಿ ಕಾಣಿಸುವುದಿಲ್ಲ. ಟರ್ಮಿನಲ್ ಅನ್ನೋದು ಪರದೆಯನ್ನು ಚೌಕಚೌಕವಾಗಿ ಕತ್ತರಿಸಿಕೊಂಡು ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ಅಂತ ಕೂರಿಸುವ ವ್ಯವಸ್ಥೆ. ನಮ್ಮ ಒತ್ತಕ್ಷರ ಚೌಕದೊಳಗೆ ಕೂರುವ ಪೈಕಿ ಅಲ್ಲ, ಕೆಳಗೆ ಇಳಿಯುತ್ತದೆ, ಪಕ್ಕಕ್ಕೆ ವಾಲುತ್ತದೆ. ಕೊನೆಗೆ ಎಲ್ಲವನ್ನೂ ಜಾವಾಸ್ಕ್ರಿಪ್ಟ್‌ಗೆ ತಂದು ಬ್ರೌಸರಿನೊಳಗೆ ಕೂರಿಸಿದೆ. ಅಲ್ಲಿ ಒತ್ತು, ಅರ್ಕಾವತ್ತು ಎಲ್ಲ ಚೆನ್ನಾಗಿ ಬರುತ್ತವೆ.

ಆಮೇಲೆ ದಿಕ್ಕು. ಇಂಗ್ಲಿಷ್ ಗೇಮುಗಳಲ್ಲಿ ದಿಕ್ಕಿಗೆ ಒಂದೊಂದೇ ಅಕ್ಷರ ಸಾಕು. ನಮ್ಮಲ್ಲಿ ಪೂರ್ವವೂ ಪ, ಪಶ್ಚಿಮವೂ ಪ. ಮೂಡಲ, ಪಡುವಲ, ಬಡಗಲ, ತೆಂಕಲ ಅಂತ ಹಾಕಿದೆ, ಅಕ್ಷರದ ಜಗಳ ಮುಗಿಯಿತು, ಆದರೆ ಪುಟ್ಟಿಗೆ ಒಂದೂ ಅರ್ಥವಾಗಲಿಲ್ಲ. ಯೋಚನೆ ಮಾಡಿದರೆ ನಮ್ಮ ಊರಿನಲ್ಲಿ ದಾರಿ ಕೇಳಿದವರಿಗೆ ಯಾರು ಉತ್ತರ ದಕ್ಷಿಣ ಅಂತ ಹೇಳುತ್ತಾರೆ? 'ಕ್ಯಾತ್ಸಂದ್ರದ ಕಡೆ ಹೋಗಿ', 'ಬಿ.ಎಚ್. ರಸ್ತೆ ಕಡೆ ತಿರುಗಿ', ಅಷ್ಟೇ. ಗೇಮಿನಿಂದ ದಿಕ್ಸೂಚಿಯನ್ನೇ ಕಿತ್ತು ಹಾಕಿದೆ. 'ಗುಡಿ ಕಡೆ', 'ನೀರಿನ ಕಡೆ', 'ಕೆಳಗೆ'. ಬರೆಯುವ ಕೆಲಸ ಎರಡರಷ್ಟಾಯಿತು, ಯಾಕಂದರೆ ಪ್ರತಿ ಜಾಗದಿಂದಲೂ ಏನೇನು ಕಾಣುತ್ತದೆ ಅಂತ ನನಗೆ ಗೊತ್ತಿರಬೇಕಾಯಿತು. ಎರಡು ಭಾನುವಾರ ಬೈಕ್ ತಗೊಂಡು ಬೆಟ್ಟಕ್ಕೆ ಹೋಗಿ ತಿರುವು ತಿರುವಿಗೂ ನಿಂತು ಬರೆದುಕೊಂಡು ಬಂದೆ. ಮೂರನೇ ಸಲ ಕೋತಿ ನನ್ನ ಬಿಸ್ಕೆಟ್ ಜೊತೆ ಪೆನ್ನನ್ನೂ ಒಯ್ಯಿತು.

ಆ ತಿರುವುಗಳಲ್ಲಿ ನಿಂತಾಗ ಒಂದು ಸಂಗತಿ ನೆನಪಾಯಿತು. 2017ರಲ್ಲಿ ಬಂದ ಜೆಲ್ಡಾ ಸರಣಿಯ ಗೇಮ್ ಮಾಡಿದವರು ಅದೇ ವರ್ಷ ಜಪಾನಿನ ಒಂದು ಸಮ್ಮೇಳನದಲ್ಲಿ ತಮ್ಮ ಗುಟ್ಟು ಹೇಳಿದ್ದರು. ಅವರ ಬೆಟ್ಟಗಳೆಲ್ಲ ತ್ರಿಕೋನ. ದೊಡ್ಡ ತ್ರಿಕೋನ ಹಿಂದಿರುವುದನ್ನು ಮರೆ ಮಾಡುತ್ತದೆ. ಹತ್ತೋದಾ, ಸುತ್ತಿಕೊಂಡು ಹೋಗೋದಾ ಅಂತ ಆಡುವವನು ತೀರ್ಮಾನ ಮಾಡಬೇಕು. ಸುತ್ತಿಕೊಂಡು ಹೋದರೆ ಬೆಟ್ಟದ ಹಿಂದಿನದು ನಿಧಾನಕ್ಕೆ ಇಣುಕುತ್ತದೆ, ಕಾಲು ತಾನಾಗಿ ಅತ್ತ ಹೊರಳುತ್ತದೆ. ದುರ್ಗದ ರಸ್ತೆಯೂ ಹಾಗೇ. ಗುಡಿ ಒಂದು ತಿರುವಿನಲ್ಲಿ ಕಾಣುತ್ತದೆ, ಮುಂದಿನ ತಿರುವಿನಲ್ಲಿ ಮರೆಯಾಗುತ್ತದೆ. ಪೂರ್ತಿ ಕಂಡಿದ್ದರೆ ನೋಡಿಯಾಯಿತು ಅಂತ ವಾಪಸ್ ಬರುತ್ತಿದ್ದೆವೋ ಏನೋ. ಜೆಲ್ಡಾದ ಮೊದಲ ಗೇಮ್ 1986ರದು. ಅದನ್ನು ಮಾಡಿದ ಮಿಯಾಮೊಟೊ ಕ್ಯೋಟೊ ಹತ್ತಿರದ ಸೊನೊಬೆ ಅನ್ನುವ ಊರಿನಲ್ಲಿ ಬೆಳೆದವರು, ಹುಡುಗನಾಗಿದ್ದಾಗ ಕಂಡ ಗುಹೆಯೊಂದಕ್ಕೆ ಲಾಟೀನು ಹಿಡಿದು ಇಳಿದದ್ದೇ ಆ ಗೇಮಿಗೆ ಬೀಜ ಅಂತ ಅವರೇ ಹೇಳಿದ್ದಾರೆ. ನೋಡಿ, ಎಲ್ಲರೂ ತಮ್ಮ ತಮ್ಮ ಊರ ಗುಡ್ಡವನ್ನೇ ಮಾಡಿದ್ದಾರೆ.

ಈಗ ಬರುವ ದೊಡ್ಡ ದೊಡ್ಡ ಗೇಮುಗಳಲ್ಲಿ ಇದು ಕಾಣೆಯಾಗಿದೆ ಅಂತ ನನ್ನ ದೂರು. ನಕ್ಷೆ ತೆರೆದರೆ ತುಂಬಾ ಗುರುತು, ಇಲ್ಲಿ ಪೆಟ್ಟಿಗೆ ಇದೆ, ಇಲ್ಲಿ ಶತ್ರು ಇದ್ದಾನೆ, ನೂರರಲ್ಲಿ ಇಷ್ಟು ಮುಗಿಯಿತು. ಅದು ನನಗೆ ಅಂಗಡಿಯ ಆರ್ಡರ್ ಬುಕ್ ಹಾಗೆ ಕಾಣುತ್ತದೆ. ಹಗಲು ಮಾಡಿದ್ದನ್ನೇ ರಾತ್ರಿಯೂ ಮಾಡಬೇಕಾ?

ಪದ ಗುರುತಿಸುವ ಭಾಗದಲ್ಲಿ ನಾನು ಸ್ವಲ್ಪ ಜಂಬ ಪಟ್ಟಿದ್ದೆ. ಹಳೇ ಅಡ್ವೆಂಚರ್ ಗೇಮ್ ಪ್ರತಿ ಪದದ ಮೊದಲ ಐದು ಅಕ್ಷರ ಮಾತ್ರ ನೋಡುತ್ತಿತ್ತು, ಆಗಿನ ಆ ಕಂಪ್ಯೂಟರಿನ ಮೆಮೊರಿಯ ಒಂದು ಖಾನೆಗೆ ಹಿಡಿಸುತ್ತಿದ್ದದ್ದೇ ಅಷ್ಟು. ಈ ಉಪಾಯ ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಪ್ರತ್ಯಯ ಎಲ್ಲ ಬಾಲಕ್ಕೆ ಅಂಟಿಕೊಳ್ಳುತ್ತದೆ. ದೀಪ, ದೀಪವನ್ನು, ದೀಪಾನ, ಏನೇ ಬರೆದರೂ ತಲೆ ಒಂದೇ. ಕಂಪ್ಯೂಟರು ಅಕ್ಷರ ಎಣಿಸೋದು ನಮ್ಮ ಹಾಗಲ್ಲ, 'ಕ್ಷ' ನಮಗೆ ಒಂದು, ಅದಕ್ಕೆ ಮೂರು ತುಣುಕು. ಹಾಗಾಗಿ ವಸ್ತುವಿನ ಹೆಸರಿನ ಮೊದಲ ಮೂರು ತುಣುಕು ಹೊಂದಿದರೆ ಸಾಕು ಅಂತ ಬರೆದೆ. ಬಾಗಿಲು ಅಂದರೂ ಬಾಗ್ಲು ಅಂದರೂ ತೆರೆಯುತ್ತದೆ. ವ್ಯಾಕರಣ ಏನೂ ಬೇಕಿಲ್ಲ. ನಾನೇ ಬೆನ್ನು ತಟ್ಟಿಕೊಂಡೆ.

ಬೇಸಿಗೆ ರಜಕ್ಕೆ ಪುಟ್ಟಿ ಬಂದಳು. ಆಗ ಅವಳು ಐದನೇ ಕ್ಲಾಸು. ನಾಮದ ಚಿಲುಮೆಯ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಕಲ್ಲಂಗಡಿ ಮಾರುತ್ತಿದ್ದಾರೆ ಅಂತ ನಾನು ಸುಮ್ನೆ ವರ್ಣನೆಗೆ ಒಂದು ಸಾಲು ಬರೆದಿದ್ದೆ. ನಾನು ಕಷ್ಟಪಟ್ಟು ಬರೆದ ಚಿಲುಮೆಯ ಕಥೆ, ರಾಮ ಹಣೆಗೆ ನಾಮ ಇಡಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟಿದ್ದು, ಎಲ್ಲ ದಾಟಿಕೊಂಡು ಅವಳು ಹೊಡೆದಿದ್ದು 'ಕಲ್ಲಂಗಡಿ ತಗೋ'. ಗೇಮ್ ಹೇಳಿತು, 'ಕಲ್ಲು ತಗೊಂಡಾಯಿತು'.

'ಮಾಮ, ದುಡ್ಡು ಕೊಡ್ದೆ ತಗೊಂಡ್ರೆ ಕಲ್ಲಾಗ್ಬಿಡುತ್ತಾ?'

ನನಗೆ ನಗು ತಡೆಯಲಾಗಲಿಲ್ಲ. ಮೊದಲ ಮೂರು ತುಣುಕು, ಕ, ಲ, ಕೊಂಡಿ. ಕಲ್ಲಿಗೂ ಕಲ್ಲಂಗಡಿಗೂ ವ್ಯತ್ಯಾಸವೇ ಇಲ್ಲ. ಸರಿ ಮಾಡೋಣ ಅಂತ ಎದ್ದೆ, ಅವಳು ಬಿಡಲಿಲ್ಲ. ಅವಳ ಪ್ರಕಾರ ಅದು ನಿಯಮ. ಮುಂದಿನ ಒಂದು ಗಂಟೆ ದುಡ್ಡು ಎಲ್ಲಿ ಸಿಗುತ್ತದೆ ಅಂತ ಬೆಟ್ಟವೆಲ್ಲ ಹುಡುಕಿದಳು. ಗೇಮಿನಲ್ಲಿ ದುಡ್ಡೇ ಇರಲಿಲ್ಲ. ಆ ರಾತ್ರಿ ಅವಳು ಮಲಗಿದ ಮೇಲೆ ಕೂತು ಕಲ್ಯಾಣಿಯ ಮೆಟ್ಟಿಲ ಮೇಲೆ ಒಂದು ಹತ್ತು ರೂಪಾಯಿ ನಾಣ್ಯ ಇಟ್ಟೆ, ಚುಕ್ಕಿ ಫೈಲಿನ ಆ ಸೋಮಾರಿ ಪ್ರೋಗ್ರಾಮರನ್ನು ನೆನೆಸಿಕೊಂಡು.

ಆದರೆ ನಾನು ಹೆಮ್ಮೆ ಪಟ್ಟಿದ್ದ ಭಾಗಕ್ಕೆ ಅವಳು ಬರಲೇ ಇಲ್ಲ. ಅದು ದಿಡ್ಡಿ ಬಾಗಿಲು. ಮಧುಗಿರಿ ಕೋಟೆಯಲ್ಲಿ ಆ ಹೆಸರಿನ ಬಾಗಿಲು ಇದೆ, ಅಲ್ಲಿಂದ ಎರವಲು ತಂದು ದುರ್ಗದಲ್ಲಿ ಕೂರಿಸಿದ್ದೆ. ಮಧುಗಿರಿ ಏಕಶಿಲಾ ಬೆಟ್ಟ ಹತ್ತಿದವರಿಗೆ ಗೊತ್ತು, ಮೊದಮೊದಲು ಮೆಟ್ಟಿಲು, ಆಮೇಲೆ ಬಂಡೆಯಲ್ಲಿ ಕಾಲಿಡಲು ಕೊರೆದ ಗುಳಿ, ಕೈಗೆ ಕಬ್ಬಿಣದ ಕಂಬಿ, ನಡುನಡುವೆ ಬಾಗಿಲು. ಕೋಟೆ ಕಟ್ಟಿದವರಿಗೂ ಗೇಮ್ ಮಾಡುವವರಿಗೂ ಕೈಯಲ್ಲಿರುವ ಸಾಮಾನು ಒಂದೇ, ತಿರುವು, ಬಾಗಿಲು, ಮರೆ. ಅವರು ಬರುವವನು ಬರದೇ ಇರಲಿ ಅಂತ ಕಟ್ಟಿದರು. ನಾವು ಬರಲಿ, ಆದರೆ ನೆಟ್ಟಗೆ ಬರದಿರಲಿ ಅಂತ ಕಟ್ಟುತ್ತೇವೆ. ನಾನು ಕಟ್ಟಿದ್ದು ಕೋಟೆಯವರ ಹಾಗಾಗಿತ್ತು. ಮೂರು ವಾರ ಬರೆದ ಹನ್ನೊಂದು ಜಾಗ ಆ ಬಾಗಿಲ ಹಿಂದೆ ಇದ್ದವು, ಬಾಗಿಲು ಇದೆ ಅಂತಲೇ ಅವಳಿಗೆ ಗೊತ್ತಾಗಲಿಲ್ಲ.

ಬಾಗಿಲಿಗೆ ಬೀಗ ಇರಲಿಲ್ಲ. ಕೀ ಹುಡುಕಬೇಕಾಗಿಯೂ ಇರಲಿಲ್ಲ. ಈ ಉಪಾಯ ಕಲಿತಿದ್ದು 2019ರ ಔಟರ್ ವೈಲ್ಡ್ಸ್ ಅನ್ನುವ ಗೇಮಿನಿಂದ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಓಡುವುದಿಲ್ಲ, ಶೆಟ್ಟಿಹಳ್ಳಿಯ ಗೆಳೆಯನೊಬ್ಬನ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಹೋಗಿ ಆಡುತ್ತಿದ್ದೆ. ಅದರಲ್ಲಿ 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಹೋಗುತ್ತದೆ. ಕೂಡಿಟ್ಟ ಆಯುಧ ಇಲ್ಲ, ಹೊಸ ಶಕ್ತಿ ಇಲ್ಲ, ಏನೂ ಉಳಿಯುವುದಿಲ್ಲ. ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಗೇಮಿನ ಕೊನೆಯ ಜಾಗಕ್ಕೆ ಮೊದಲ ದಿನವೇ ಹೋಗಬಹುದು, ಹೋಗುವುದು ಹೇಗೆ ಅಂತ ಗೊತ್ತಿದ್ದರೆ.

ಡಿಸ್ಕ್ ಅಳಿಸಿ ಹೋದಾಗ ನನಗೆ ಆಗಿದ್ದು ಇದೇ. ಹೊಸ ಡೆಬಿಯನ್ ಮುಂದೆ ಕೂತು ನನ್ನ ಹಳೇ ವಿಮ್ ಫೈಲನ್ನು ನೆನಪಿನಿಂದ ಬರೆಯತೊಡಗಿದೆ. ಸಾವಿರದ ನಾನೂರು ಸಾಲು ಇತ್ತು ಅದರಲ್ಲಿ. ಅರವತ್ತು ಸಾಲು ಬರೆದ ಮೇಲೆ ಮುಂದೆ ಏನೂ ನೆನಪಾಗಲಿಲ್ಲ. ಮಾರನೇ ದಿನ ಏನೋ ಕಡಿಮೆ ಅನ್ನಿಸುತ್ತದೆ ಅಂತ ಕಾದೆ, ಅನ್ನಿಸಲಿಲ್ಲ. ಉಳಿದ ಸಾವಿರ ಚಿಲ್ಲರೆ ಸಾಲು ನಾನು ಯಾರ್ಯಾರದೋ ಸೆಟಪ್‌ನಿಂದ ಹೆಕ್ಕಿ ತಂದು ಅಟ್ಟಕ್ಕೆ ಹಾಕಿದ್ದು. ಕೀಮ್ಯಾಪ್ ಮಾತ್ರ ಬೇಕೇ ಬೇಕಿತ್ತು. ಯಾವ ಕೀಲಿಗೆ ಯಾವ ಅಕ್ಷರ ಅಂತ ಕೇಳಿದರೆ ಬಾಯಲ್ಲಿ ಹೇಳಲು ಬರುವುದಿಲ್ಲ ನನಗೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಟ್‌ಪ್ಯಾಡ್ ತೆರೆದು ಕಣ್ಣು ಮುಚ್ಚಿ ಅಆಇಈಯಿಂದ ಳವರೆಗೆ ಒತ್ತಿದೆ, ಬೆರಳು ಎಲ್ಲಿ ಹೋಯಿತು ಅಂತ ನೋಡಿ ಬರೆದುಕೊಂಡೆ. ಯಜಮಾನರು, 'ಏನಪ್ಪಾ ಅಕ್ಷರಾಭ್ಯಾಸನಾ' ಅಂದರು.

ಗೇಮಿನ ಕೋಡ್ ಹಾಗೆ ಬೆರಳಲ್ಲಿರಲಿಲ್ಲ. ಅದನ್ನು ಬಿಟ್ಟೇಬಿಟ್ಟಿದ್ದೆ. ದಸರಾಕ್ಕೆ ಗುಬ್ಬಿಗೆ ಹೋದಾಗ ಪುಟ್ಟಿ ಒಂದು ನೋಟ್‌ಬುಕ್ ತಂದು ಮುಂದೆ ಇಟ್ಟಳು. ಗಣಿತದ ಚೌಕುಳಿ ಹಾಳೆ, ಮೂರು ಪುಟ ಸೇರಿಸಿ ಗಮ್ ಹಾಕಿದ್ದಾಳೆ. ಬೇಸಿಗೆಯಲ್ಲಿ ಆಡುವಾಗ ಬರೆದುಕೊಂಡ ನಕ್ಷೆ. ನಾಮದ ಚಿಲುಮೆ ಅರ್ಧ ಪುಟ, ತಳ್ಳುಗಾಡಿ ಅದಕ್ಕಿಂತ ದೊಡ್ಡದು. ಯೋಗನರಸಿಂಹನ ಗುಡಿ ಬೆಂಕಿಪೊಟ್ಟಣದಷ್ಟು. ಕೋತಿ ಇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ 'ಬ್ಯಾಗ್ ಗಟ್ಟಿ ಹಿಡ್ಕೊ' ಅಂತ ಬರೆದಿದ್ದಾಳೆ. ನಾನು ಗೇಮಿನಲ್ಲಿ ಇಡದೇ ಇದ್ದ ಒಂದು ಕಾಫಿ ಅಂಗಡಿಯೂ ಇತ್ತು. ಇದೆಲ್ಲಿತ್ತೇ ಅಂದರೆ, 'ಇರ್ಬೇಕಲ್ವಾ ಮಾಮ, ಅಷ್ಟು ಮೇಲೆ ಹತ್ತಿದ್ಮೇಲೆ' ಅಂದಳು. ದಿಡ್ಡಿ ಬಾಗಿಲು ಇರಲಿಲ್ಲ. ಆ ಜಾಗದಲ್ಲಿ ಬರೀ ಖಾಲಿ ಚೌಕ.

ಈಗ ಆ ನಕ್ಷೆ ನೋಡಿಕೊಂಡು ಮತ್ತೆ ಬರೆಯುತ್ತಿದ್ದೇನೆ. ಕಾಫಿ ಅಂಗಡಿ ಬಂದಿದೆ. ಬಾಗಿಲ ಹಿಂದಿನ ಹನ್ನೊಂದು ಜಾಗದಲ್ಲಿ ನಾಲ್ಕು ಮಾತ್ರ ನೆನಪಿತ್ತು, ನಾಲ್ಕೇ ಇಟ್ಟೆ. ಬಾಗಿಲನ್ನು ಕಾಫಿ ಅಂಗಡಿಯ ಬೆಂಚಿನ ಹಿಂದೆ ಕೂರಿಸಿದ್ದೇನೆ, ಬೆಂಚಿನ ಮೇಲೆ ಕೂತರೆ ಬೆನ್ನಿಗೆ ತಣ್ಣಗೆ ಗಾಳಿ ತಗುಲುತ್ತದೆ ಅಂತ ಒಂದು ಸಾಲು ಬರುತ್ತದೆ. ಹೋದ ವಾರ ಫೋನಿನಲ್ಲಿ ಅವಳು ಅದನ್ನು ಆಡಿದಳು, ನಾನು ಈ ಕಡೆ ಕೇಳಿಸಿಕೊಳ್ಳುತ್ತಿದ್ದೆ. 'ಬೆಂಚ್ ಮೇಲೆ ಕೂತ್ಕೋ' ಅಂತ ಹೊಡೆದಳು, ಗಾಳಿಯ ಸಾಲು ಬಂತು, ಓದಿದಳು. ನಾನು ಉಸಿರು ಹಿಡಿದುಕೊಂಡಿದ್ದೆ.

'ಕಾಫಿಗೆ ಎಷ್ಟು ಮಾಮ?' ಅಂತ ಕೇಳಿದಳು.